ವಾರ್ತೆಗೆ ಮುಂಚಿನ ಪಿಟೀಲು

ಬೆಳಗಿನ ವಾರ್ತೆಗೆ ಮುಂಚೆ ಎರಡು ಮೂರು ನಿಮಿಷ ಉಳಿದರೆ ರೇಡಿಯೊದಲ್ಲಿ ವಾದ್ಯವೃಂದದ ತುಣುಕೊಂದನ್ನು ಹಾಕುತ್ತಿದ್ದರು. ಪಿಟೀಲುಗಳು, ಕೊಳಲು, ಹಿಂದೆ ಮೆಲ್ಲಗೆ ತಬಲಾ. ರಾಗ ಕಟ್ಟಿದವರ ಹೆಸರು ಹೇಳುತ್ತಿರಲಿಲ್ಲ. ಹೊತ್ತಾದ ಕೂಡಲೇ ನಡುವೆಯೇ ಕತ್ತರಿಸಿ ವಾರ್ತೆ ಶುರು. ಡೊಂಬಿವಲಿಯ ನಮ್ಮ ಸಾಲುಮನೆಗಳ ಚಾಳಿನಲ್ಲಿ ಅದನ್ನು ಕಿವಿಗೊಟ್ಟು ಕೇಳುತ್ತಿದ್ದವರು ನಮ್ಮ ಯಜಮಾನರೊಬ್ಬರೇ. ಅರ್ಧ ಮುಖಕ್ಕೆ ಸಾಬೂನು ಹಚ್ಚಿಕೊಂಡು ನಿಂತೇಬಿಡುತ್ತಿದ್ದರು.

"ಲೋಕಲ್ ಗಾಡಿ ತಪ್ಪತದ್ರಿ," ಎಂದು ನಾನಂದರೆ, "ಹೆಸರಾದವರ ಹಾಡು ಊರೆಲ್ಲಾ ಕೇಳ್ತದ. ಇವರದು ಯಾರರೆ ಕೇಳಬೇಕಲ್ಲ?" ಎನ್ನುತ್ತಿದ್ದರು. ಆಫೀಸಿನಲ್ಲಿ ಅವರು ಬರೆದ ಕಾಗದಗಳಿಗೂ ಸಾಹೇಬರ ಸಹಿಯೇ ಬೀಳುತ್ತಿತ್ತು.

ಆ ತುಣುಕುಗಳಿಗೆ ಅವರೇ ಹೆಸರಿಟ್ಟಿದ್ದರು. ಬಹಳ ಪ್ರೀತಿಯದ್ದು ‘ಖಾಡಿ’. ಮುಂಬ್ರಾ ದಾಟಿ, ಸಮುದ್ರ ಒಳಚಾಚಿದ ಖಾಡಿಯ ನೀರಿನ ಪಕ್ಕ ರೈಲು ಓಡುವಾಗ ಮನಸ್ಸಿಗೆ ಹಾಗೇ ಆಗುತ್ತದಂತೆ.

ಎಂಬತ್ತರ ದಶಕದ ಶುರುವಿನಲ್ಲಿ ಟೇಪ್‌ರೆಕಾರ್ಡರ್ ಬಂತು. ರೇಡಿಯೊದ ಎದುರಿಗಿಟ್ಟು ಗುಂಡಿ ಒತ್ತಬೇಕು. ಮನೆಯ ಸದ್ದೆಲ್ಲ ಅದರೊಳಗೆ. ನಾನು ಕುಕ್ಕರ್ ಇಳಿಸಿ, ಫ್ಯಾನು ಆರಿಸಿ, ಗೋಡೆ ತಟ್ಟುತ್ತಿದ್ದೆ. ಆಚೆ ಮನೆಯವಳು ಉಡುಪಿ ಕಡೆಯವಳು. ಅವಳ ಸಾಸಿವೆ ಸಿಡಿದರೆ ಇಲ್ಲಿಗೆ ಕೇಳುತ್ತಿತ್ತು. ತಟ್ಟಿದರೆ ಪಾಪ, ಕಾಯುತ್ತಿದ್ದಳು. ವಾರ್ತೆ ಶುರುವಾದದ್ದೇ ಕೂಗು:

"ಅಕ್ಕಾ, ನಿಮ್ಮ ಪಿಟೀಲು ಮುಗೀತಾ? ಎಣ್ಣೆ ಹೊಗೆ ಬರ್ತಾ ಉಂಟು ಮಾರಾಯ್ರೆ!"

"ಹೂಂ, ಹಾಕವ್ವಾ!"

ಕೊನೆಗೊಂದು ದಿನ ‘ಖಾಡಿ’ ಮೊದಲಿನಿಂದಲೇ ಸಿಕ್ಕಿತು. ಪಿಟೀಲುಗಳು ನಿಂತು ಕೊಳಲು ಶುರುವಾಗುವ ಆ ಬಿಡುವಿನಲ್ಲಿ ಇವರು ಕೆಮ್ಮಿಬಿಟ್ಟರು.

"ಇಷ್ಟು ದಿನ ಕಾದು ನಾನೇ ಕೆಡಿಸಿದೆ ನೋಡು."

"ಒಂದು ನಿಮಿಷ ತಡಕೊಳ್ಳಲಿಕ್ಕೆ ಆಗಲಿಲ್ಲೇನ್ರಿ?" ಎಂದೆ.

ಆ ಕೆಮ್ಮು ನಿಲ್ಲಲೇ ಇಲ್ಲ. ಮಳೆಗಾಲದಲ್ಲಿ ಕಲ್ಯಾಣದ ಆಸ್ಪತ್ರೆಗೆ ಸೇರಿಸಿದೆವು. ಅವರಿಗೆ ‘ಖಾಡಿ’ಯನ್ನು ಚೊಕ್ಕ ಮಾಡಿ ಕೇಳಿಸಬೇಕೆಂದು ಹಟ ನನಗೆ. ದಿನಾ ಬೆಳಿಗ್ಗೆ ಡಬ್ಬಿ ಕಟ್ಟಿಟ್ಟು, ಗೋಡೆ ತಟ್ಟಿ, ಗುಂಡಿಯ ಮೇಲೆ ಬೆರಳಿಟ್ಟು ಕೂರುತ್ತಿದ್ದೆ. ಹದಿಮೂರನೆಯ ಬೆಳಿಗ್ಗೆ ರೇಡಿಯೊದಲ್ಲಿ ‘ಖಾಡಿ’ ಬಂತು. ಇನ್ನೊಂದು ಕ್ಯಾಸೆಟ್ ತರಬೇಕೆಂದು ನನಗೆ ತೋಚಲಿಲ್ಲ. ತಪ್ಪಾದದ್ದನ್ನು ಅಳಿಸಿ ಅಲ್ಲೇ ಬರೆಯುವುದು ರೂಢಿ. ಕೆಮ್ಮಿದ್ದ ಹಳೆಯದರ ಮೇಲೆಯೇ ತುಂಬಿಸಿದೆ.

ಆಸ್ಪತ್ರೆಯಲ್ಲಿ ಅವರ ದಿಂಬಿನ ಪಕ್ಕ ಸಣ್ಣದಾಗಿ ಹಾಕಿದೆ. ಕಣ್ಣು ಮುಚ್ಚಿ ಕೇಳಿದರು. ಆ ಬಿಡುವು ಬಂದಾಗ ಕಣ್ಣು ತೆರೆದರು.

"ನನ್ನ ಕೆಮ್ಮೆಲ್ಲಿ ಹೋತು?"

"ಅಳಿಸೇನ್ರಿ."

"ಛಲೋ ಮಾಡಿದಿ," ಎಂದು ನಕ್ಕರು. ನಕ್ಕದ್ದಕ್ಕೇ ಮತ್ತೆ ಕೆಮ್ಮು ಬಂತು. ಬೆನ್ನು ತಿಕ್ಕಿದೆ. ಅದಾಗಿ ನಾಲ್ಕನೆಯ ದಿನ ಹೋದರು.

ಅವರ ದನಿ ಎಂದು ಟೇಪಿನಲ್ಲಿ ಇದ್ದದ್ದು ಆ ಕೆಮ್ಮೊಂದೇ. ಇದು ಹೊಳೆದದ್ದು ಅವರು ಹೋದ ಹದಿನಾಲ್ಕನೆಯ ದಿನ, ಬಂದ ನೆಂಟರೆಲ್ಲ ಹೊರಟುಹೋದ ಮೇಲೆ, ಮನೆ ಗುಡಿಸುವಾಗ. ಪೊರಕೆ ಹಿಡಿದುಕೊಂಡೇ ಕೂತೆ.

ಈಗಲೂ ಒಂದೊಂದು ಬೆಳಿಗ್ಗೆ ಅದನ್ನು ಹಾಕುತ್ತೇನೆ. ಆಚೆ ಮನೆಯಲ್ಲಿ ಪಾತ್ರೆಗಳ ಸದ್ದು ತಾನಾಗಿ ನಿಲ್ಲುತ್ತದೆ. ತುಂಬಿಸಿಟ್ಟ ಟೇಪಿಗೆ ಅವಳ ಸಾಸಿವೆಯಿಂದ ಏನೂ ಆಗುವುದಿಲ್ಲವೆಂದು ನಾನು ಹೇಳಿಲ್ಲ, ಅವಳಿಗೂ ಗೊತ್ತಿರಬೇಕು. ಪಿಟೀಲುಗಳು ನಿಲ್ಲುತ್ತವೆ. ಕಾಯುತ್ತೇನೆ. ಕೊಳಲು ಶುರುವಾಗಿಬಿಡುತ್ತದೆ.

"ಅಕ್ಕಾ, ಹಾಕ್ಲಾ?"

"ಹಾಕವ್ವಾ."