ತವನಪ್ಪಣ್ಣನ ಸೋಡಾ ನೀರು

ಉಗಾರ ಖುರ್ದದ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ರಸ ಕುದಿಸುವ ದೈತ್ಯ ಪಾತ್ರೆಗಳಿವೆ. ಅವುಗಳ ಹೊಟ್ಟೆಯೊಳಗೆ ಸಾವಿರಾರು ಕೊಳವೆಗಳು. ರಸ ಹರಿದು ಹರಿದು ಒಳಗೆಲ್ಲ ಕಲ್ಲಿನಂಥ ಕಿಟ್ಟ ಕಟ್ಟುತ್ತದೆ. ಕಾಸ್ಟಿಕ್ ಸೋಡಾ ನೀರು ಕುದಿಸಿ ಅದನ್ನು ಮೆತ್ತಗೆ ಮಾಡಿ, ಬ್ರಷ್ಷು ತಿರುಗಿಸಿ ಕೀಳಬೇಕು. ಇಪ್ಪತ್ತೆಂಟು ವರ್ಷ ಈ ಕೆಲಸದ ಮೇಸ್ತ್ರಿಯಾಗಿದ್ದವನು ನಮ್ಮ ಮಗ್ಗಲು ಮನೆಯ ತವನಪ್ಪ ಮಗದುಮ್ಮ. ಕೊಳವೆಯನ್ನು ತಟ್ಟಿ, ಕಿವಿಗೊಟ್ಟು, "ಇನ್ನಾ ಎರಡ ಸೂತ ಕಿಟ್ಟ ಐತ್ರಲೇ" ಎನ್ನುತ್ತಿದ್ದ. ಇಂಜಿನಿಯರು ಅಳೆದು ನೋಡಿದರೂ ಕಿಟ್ಟದ ದಪ್ಪ ಅಷ್ಟೇ ಇರುತ್ತಿತ್ತು.

ನಾನು ಅದೇ ಊರಿನ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಇದನ್ನು ಮೊದಲೇ ಒಪ್ಪಿಕೊಂಡುಬಿಡುವುದು ಒಳ್ಳೆಯದು.

೧೯೯೭ರ ದೀಪಾವಳಿ ಮುಗಿದ ವಾರ ತವನಪ್ಪಣ್ಣನಿಗೆ ಎದೆನೋವು ಬಂತು. ಮಿರಜದ ಡಾಕ್ಟರಬಾಯಿ ಪರೀಕ್ಷೆ ಮಾಡಿ, ಹೃದಯದ ರಕ್ತನಾಳದ ಒಳಗೆ ಕೊಬ್ಬು ಕಟ್ಟಿಕೊಂಡಿದೆ ಎಂದು ಮಾತ್ರೆ ಬರೆದುಕೊಟ್ಟರು. ಹೆದರಿ ಹೋಗಿದ್ದವನು ಹಿಗ್ಗಿ ಬಂದ.

"ಮಾಸ್ತರ್ರ, ಕೊಳವಿ ಅಂದ್ರ ಕೊಳವಿನ. ಸೋಡಾ ಹಾಕಿ ಮೆತ್ತಗ ಮಾಡೂದು, ಕಬ್ಬಿನ ಹಾಲ ಬಿಟ್ಟು ತೊಳಿಯೂದು."

"ಅಣ್ಣಾ, ಕಾರ್ಖಾನಿ ಸೋಡಾ ಕುಡದ್ರ ಕರಳ ಸುಟ್ಟ ಹೋಗ್ತಾವಲ್ರಿ!"

"ನಾ ಏನ ಹುಚ್ಚ ಅದೀನೇನ್ರಿ? ಅಡಗಿ ಸೋಡಾ!"

ಇದು ಎಷ್ಟು ಸರಿ ಎನಿಸಿತೆಂದರೆ ನನಗೆ ಯಾವ ರೋಗವೂ ಇಲ್ಲದಿದ್ದರೂ ನಾನೂ ಕುಡಿಯತೊಡಗಿದೆ. ಎಂಟನೆಯ ದಿನ, ಏಳನೆಯ ತರಗತಿಯ ಮಕ್ಕಳು ನನ್ನ ತೇಗು ಎಣಿಸಲು ಆರಂಭಿಸಿದಾಗ ಬಿಟ್ಟೆ. ತವನಪ್ಪಣ್ಣ ಬಿಡಲಿಲ್ಲ. ಬೆಳಿಗ್ಗೆ ಒಂದು ಲೋಟ ಸೋಡಾ ನೀರು. ಮಧ್ಯಾಹ್ನ ತಂಬಿಗೆ ತುಂಬ ಕಬ್ಬಿನ ಹಾಲು. ಜೈನರ ಮನೆಯಾದ್ದರಿಂದ ಹೊತ್ತು ಮುಳುಗಿದ ಮೇಲೆ ನೀರೂ ಇಲ್ಲ. ಹಾಗಾಗಿ ಸಂಜೆಯ ಸೋಡಾವನ್ನು ಸೂರ್ಯನ ಜತೆ ಪಂದ್ಯ ಕಟ್ಟಿದವನಂತೆ ಗಟಗಟ ಇಳಿಸುತ್ತಿದ್ದ. ನಡುನಡುವೆ ಸಕ್ಕರೆ ಊರಿನ ಚಹಾ, ಕಪ್ಪಿಗೆ ಮೂರು ಚಮಚ.

ಮೂರು ತಿಂಗಳಲ್ಲಿ ಅವನ ಪಾದ ಊದಿ ಚಪ್ಪಲಿಗೆ ಹಿಡಿಸದಾಯಿತು. ಮನೆಯ ಆರು ಮೆಟ್ಟಿಲಲ್ಲಿ ಮೂರನೆಯದಕ್ಕೇ ಕೂತು ಏದುಸಿರು ಬಿಡುತ್ತಿದ್ದ. ಆದರೂ ಖುಷಿ.

"ಕಿಟ್ಟ ಬಿಡಾಕತ್ತೈತ್ರಿ ಮಾಸ್ತರ್ರ. ಕಾಲಿಗಿ ಇಳದೈತಿ ನೋಡ್ರಿ."

"ಕಿಟ್ಟಲ್ಲ, ಜೀವ ಇಳ್ಯಾಕತ್ತೈತಿ!" ಎಂದಳು ಹೆಂಡತಿ ಕುಸುಮಕ್ಕ. "ಮಾಸ್ತರ್ರ, ನೀವೂ ಮಿರಜಕ್ಕ ಬರ್ರಿ. ಇವ್ರಿಗೆ ಹೂಂ ಅಂದವ್ರು ನೀವ."

ಊದಿದ ಕಾಲು ನೋಡಿ, ಬಿಪಿ ಎರಡೆರಡು ಸಲ ಅಳೆದು, ಡಾಕ್ಟರಬಾಯಿ ಕೇಳಿದರು: "ಕಾಕಾ, ದಿನಾ ಏನೇನ ಕುಡಿತೀರಿ?"

ತವನಪ್ಪಣ್ಣ ಅಭಿಮಾನದಿಂದ ಎಲ್ಲವನ್ನೂ ಹೇಳಿದ. ಕುಸುಮಕ್ಕ ನನ್ನ ಕಡೆ ನೋಡಿದಳು. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ.

ಡಾಕ್ಟರಬಾಯಿ ನಗಲಿಲ್ಲ. "ಇನ್ನ ಎಂಟ ದಿವಸ ಕುಡದಿದ್ರ ನಿಮ್ಮನ್ನ ಎತಗೊಂಡ ಬರಬೇಕಾಗ್ತಿತ್ತು. ಸೋಡಾನೂ ಉಪ್ಪಿದ್ದಂಗ. ಮೈಯಾಗ ನೀರ ಹಿಡದ ಇಡ್ತೈತಿ, ಗುಂಡಿಗಿಗಿ ಅದನ್ನ ದೂಡಾಕ ಆಗೂದಿಲ್ಲ."

"ಮತ್ತ ಕೊಳವಿ, ಬಾಯಾರ?"

ಅವರು ಅವನ ತೋಳಿಗೆ ಬಿಪಿಯ ಪಟ್ಟಿ ಸುತ್ತಿ ಗಾಳಿ ತುಂಬಿ ಬಿಗಿದರು. ಅಂಗೈ ಸುಣ್ಣದ ಗೋಡೆಯಂತೆ ಬಿಳಿಚಿತು. ಎರಡು ಮೂರು ನಿಮಿಷ ಬಿಟ್ಟು ಗಾಳಿ ತೆಗೆದರು. ಮಣಿಕಟ್ಟಿನಿಂದ ಬೆರಳ ತುದಿಯವರೆಗೆ ಕೆಂಪು ಏರಿತು. ಕಟ್ಟದೆ ಬಿಟ್ಟಿದ್ದ ಇನ್ನೊಂದು ಕೈಗಿಂತ ಅದು ಕೆಂಪಾಯಿತು!

ತವನಪ್ಪಣ್ಣ ಉಸಿರು ಹಿಡಿದು ಕೇಳಿದ: "ವಾಲ್ವ ತಿರುವಿದವ್ರು ಯಾರ್ರಿ?"

"ಯಾರೂ ಇಲ್ಲ ಕಾಕಾ. ನಾಳದ ಒಳಗ ಉಳ್ಳಾಗಡ್ಡಿ ಪೊರಿಗಿಂತ ತೆಳ್ಳಗ ಒಂದ ಪದರ ಐತಿ. ನೆತ್ತರ ಜೋರ ಹರದ್ರ ಅದಕ್ಕ ತಿಳಿತೈತಿ, ನಾಳ ಅಗಲ ಮಾಡಸ್ತೈತಿ. ತಂಬಿಗಿಗಟ್ಲೆ ಸಿಹಿ ಕುಡದ್ರ ತಾಸಗಟ್ಲೆ ಅದಕ್ಕ ಮಂಕ ಬಡೀತೈತಿ ಅಂತ ಈಗ ತಿಳದವ್ರು ಹೇಳಾಕತ್ತಾರ. ಚಾ ಕುಡೀರಿ, ಸಕ್ಕರಿ ಬ್ಯಾಡ. ಮಜ್ಜಿಗಿ ಕುಡೀರಿ, ಉಪ್ಪ ಬ್ಯಾಡ. ಗುಳಗಿ ತಪ್ಪಸಬ್ಯಾಡ್ರಿ."

ಹದಿನೈದು ವರ್ಷ ನಾನು ಕಪ್ಪುಹಲಗೆಯ ಮೇಲೆ ರಕ್ತನಾಳವೆಂದು ಎರಡು ಗೆರೆ ಎಳೆದು, ನಡುವೆ ಕೆಂಪು ಸುಣ್ಣಕಡ್ಡಿ ತಿಕ್ಕಿದ್ದೆ. ಆ ಗೆರೆಗಳಿಗೆ ಜೀವವಿದೆ ಎಂದು ಒಮ್ಮೆಯೂ ಹೊಳೆದಿರಲಿಲ್ಲ.

ಮರಳುವ ರೈಲಿನಲ್ಲಿ ತವನಪ್ಪಣ್ಣ ಅಂಗೈಯನ್ನು ತೊಡೆಯ ಮೇಲೆ ತೆರೆದಿಟ್ಟುಕೊಂಡೇ ಕೂತಿದ್ದ. ಉಗಾರ ಬಂದರೂ ತಲೆ ಎತ್ತಲಿಲ್ಲ.

ಸೋಡಾ ನಿಂತಿತು, ಕಬ್ಬಿನ ಹಾಲು ನಿಂತಿತು. ಬಾವು ಮೆಲ್ಲಗೆ ಇಳಿಯಿತು. ಮೇ ತಿಂಗಳಲ್ಲಿ ಕಾರ್ಖಾನೆ ನಿಂತು ಕೊಳವೆ ತೊಳೆಯುವ ದಿನ ಬಂದಾಗ, ತವನಪ್ಪಣ್ಣ ಡಾಕ್ಟರಬಾಯಿಯ ಒಪ್ಪಿಗೆ ಪಡೆದೇ ಹಾಜರಾದ. ರಜೆಯ ಮಾಸ್ತರನಾದ ನಾನೂ ನೋಡಲು ಹೋಗಿದ್ದೆ. ಚಹಾದ ಹೊತ್ತಿಗೆ ಅವನು ಮನೆಯ ಫ್ಲಾಸ್ಕು ತೆರೆದ. ಕೂಲಿಯಾಳು ಧೂಳಪ್ಪ ಒಂದು ಗುಟುಕು ಕುಡಿದು ಮುಖ ಕಿವುಚಿದ.

"ಯಪ್ಪಾ, ಸಕ್ಕರಿ ಫ್ಯಾಕ್ಟರ‍್ಯಾಗ ಫಿಕ್ಕಾ ಚಾ! ಸಾಹೇಬ್ರು ನೋಡಿದ್ರ ಪಗಾರ ಬಂದ್ ಮಾಡ್ತಾರ."

"ಇಲ್ಲಿ ಬಾರಲೇ," ಎಂದು ತವನಪ್ಪಣ್ಣ ತನ್ನ ಟವೆಲ್ಲನ್ನು ಅವನ ತೋಳಿಗೆ ಬಿಗಿದ. ಬಿಳಿಚುವ ತನಕ ತಡೆದು, ಬಿಚ್ಚಿದ. ಹನ್ನೆರಡು ಜನ ಧೂಳಪ್ಪನ ಅಂಗೈಯ ಮೇಲೆ ಬಾಗಿದರು. ಕೆಂಪು ಏರಿ ಬಂತು.

"ಯಾರರೆ ವಾಲ್ವ ಮುಟ್ಟೀರೇನ್ಲೇ?"

ನನ್ನ ಮೂರು ಚಮಚದ ಚಹಾ ಕೈಯಲ್ಲೇ ಆರಿತು.

ಆಮೇಲೆ ತವನಪ್ಪಣ್ಣ ಪಾತ್ರೆಯ ಏಣಿ ಹತ್ತಿದ. ಮೂರನೆಯ ಮೆಟ್ಟಿಲಿಗೆ ನಿಂತ. ಅವನು ಒಂದು ಕೈ ಎದೆಯ ಮೇಲಿಟ್ಟು, ಕೊಳವೆಗೆ ಕಿವಿಗೊಡುವ ಹಾಗೆ ತಲೆ ವಾಲಿಸಿ ಕೇಳಿದ. ಮತ್ತೆ ಮೇಲೆ ಹತ್ತಿದ.

ಸ್ವಲ್ಪ ಹೊತ್ತಿಗೆ ಕೊಳವೆ ತಟ್ಟುವ ಸದ್ದು ಕೇಳಿಸಿತು. ಹೋದ ವರ್ಷಕ್ಕಿಂತ ಮೆತ್ತಗೆ ತಟ್ಟುತ್ತಿದ್ದ.