ಫಲಾನುಭವಿ ಬೇಕಾಗಿದ್ದಾರೆ

ಕೆ.ಆರ್. ಪುರದ ಆಚೆಗಿನ ವಿಶ್ವವಿದ್ಯಾಲಯದಲ್ಲಿ ನಾನು ಅರ್ಥಶಾಸ್ತ್ರದ ಎಂ.ಎ. ಓದುತ್ತಿದ್ದಾಗ ಕ್ಯಾಂಟೀನಿನ ಎದುರಿಗೇ ಒಂದು ಕೋಣೆಯಿತ್ತು. ಬಾಗಿಲ ಮೇಲೆ, ರಸ್ತೆಯಿಂದಲೂ ಓದಬಹುದಾದಷ್ಟು ದಪ್ಪ ಅಕ್ಷರಗಳಲ್ಲಿ, ‘ಹಿಂದುಳಿದ ಹಾಗೂ ಅವಕಾಶವಂಚಿತ ವಿದ್ಯಾರ್ಥಿಗಳ ನೆರವು ಕೇಂದ್ರ’ ಎಂದು ಬರೆಸಿದ್ದರು. ಇಲ್ಲಿ ಇಂಗ್ಲಿಷ್ ಮಾತಾಡುವುದನ್ನು ಕಲಿಸುತ್ತಾರೆ, ಸಮಸ್ಯೆಗಳನ್ನು ಗುಟ್ಟಾಗಿ ಕೇಳುತ್ತಾರೆ ಎಂದು ನೋಟಿಸ್ ಬೋರ್ಡಿನಲ್ಲಿತ್ತು. ಗುಟ್ಟೆಲ್ಲ ಬಾಗಿಲ ಒಳಗೆ. ಬಾಗಿಲು ದಾಟುವವರನ್ನು ಟೀ ಕುಡಿಯುತ್ತ ಅರ್ಧ ವಿಶ್ವವಿದ್ಯಾಲಯವೇ ನೋಡುತ್ತಿತ್ತು.

ನನಗೆ ಆ ಕೋಣೆ ಬೇಕಾಗಿತ್ತು. ಮೊದಲ ಸೆಮಿನಾರಿನಲ್ಲಿ ಇಪ್ಪತ್ತು ನಿಮಿಷ ಇಂಗ್ಲಿಷಿನಲ್ಲಿ ಮಾತಾಡಬೇಕಾಗಿದ್ದ ನಾನು ನಾಲ್ಕು ನಿಮಿಷ ನಿಂತಿದ್ದೆ. ಅದರಲ್ಲಿ ಮೂರು ನಿಮಿಷ ಪ್ರೊಜೆಕ್ಟರ್ ಸರಿಪಡಿಸಲು ಹೋಗಿತ್ತು. ಎರಡನೆಯ ಸಲವೂ ಹಾಗಾದರೆ ಫೇಲು. ಹಲಸೂರಿನ ನಮ್ಮ ಮನೆಯಲ್ಲಿ ಕಾಲೇಜು ಕಂಡವಳು ನಾನೊಬ್ಬಳೇ, ಕೇಳಲು ಯಾರೂ ಇರಲಿಲ್ಲ. ಇದ್ದಿದ್ದರೂ ಕೇಳುತ್ತಿರಲಿಲ್ಲವೇನೋ. ಬಸ್ಸು ನನ್ನ ಸ್ಟಾಪ್ ದಾಟಿದರೆ ಡ್ರೈವರನ್ನು ಕೂಗುವವಳಲ್ಲ ನಾನು. ಮುಂದಿನದರಲ್ಲಿ ಇಳಿದು ನಡೆದು ಬರುತ್ತೇನೆ.

ಅದೇ ನೋಟಿಸಿನ ಕೆಳಗೆ ‘ಸ್ವಯಂಸೇವಕರು ಬೇಕಾಗಿದ್ದಾರೆ’ ಎಂಬ ಸಾಲು ಕಂಡಾಗ ದಾರಿ ಸಿಕ್ಕಿತು. ನೆರವು ಕೊಡಲು ಹೋಗುವವಳನ್ನು ಯಾರು ಏನಂದಾರು? ಕೊರಳಿಗೆ ಸ್ವಯಂಸೇವಕಿಯ ಗುರುತುಚೀಟಿ ನೇತುಹಾಕಿಕೊಂಡು, ಕ್ಯಾಂಟೀನಿನವರಿಗೆ ಅದು ಕಾಣುವಂತೆ ತುಸು ನಿಧಾನವಾಗಿಯೇ ಒಳಗೆ ಹೋದೆ.

ಒಳಗೆ ನನಗಿಂತ ಮುಂಚೆಯೇ ಇಬ್ಬರು ಸ್ವಯಂಸೇವಕರಿದ್ದರು. ಒಬ್ಬಳು ಉರ್ದು ಮಾಧ್ಯಮದಲ್ಲಿ ಓದಿ ರಸಾಯನಶಾಸ್ತ್ರಕ್ಕೆ ಬಂದಿದ್ದ ಶಿವಾಜಿನಗರದ ಹುಡುಗಿ. ಇನ್ನೊಬ್ಬ ರಾಯಚೂರಿನ ಕಡೆಯ ಎತ್ತರದ ಯುವಕ, ಇತಿಹಾಸ ವಿಭಾಗದವನು. ಕೇಂದ್ರ ನಡೆಸುತ್ತಿದ್ದ ಮೇಡಂ ಸರ್ವಜ್ಞನಗರದ ಬೇಕರಿಯಿಂದ ಬನ್ನು ತಂದು ನೆರವು ಕೇಳಿ ಬರುವವರಿಗಾಗಿ ಕಾಯುತ್ತಿದ್ದರು. ಯಾರೂ ಬರುತ್ತಿರಲಿಲ್ಲ. ಬನ್ನು ನಾವೇ ತಿನ್ನುತ್ತಿದ್ದೆವು.

“ಸುಮ್ನೆ ಕೂತ್ಕೊಳ್ಳೋ ಬದ್ಲು ಇವತ್ತೂ ಕಲಿಸೋದನ್ನ ಪ್ರಾಕ್ಟೀಸ್ ಮಾಡಿ. ಒಬ್ರು ಟೀಚರ್, ಒಬ್ರು ಸ್ಟೂಡೆಂಟ್,” ಎಂದರು ಮೇಡಂ.

“ನಾ ಸ್ಟೂಡೆಂಟ್ ಆಗ್ತೀನ್ರಿ,” ಎಂದ ರಾಯಚೂರಿನವನು ತಕ್ಷಣ.

“ಅರೆ, ನಿನ್ನೇನೂ ನೀವೇ ಆಗಿದ್ರಿ! ಇವತ್ತು ನಂದು,” ಎಂದಳು ಹುಡುಗಿ.

“ನಾನು ಇನ್ನೂ ಒಂದು ಸಲವೂ ಆಗಿಲ್ಲ,” ಎಂದೆ ನಾನು, ಆದಷ್ಟು ನಿರಾಸಕ್ತಿಯಿಂದ.

ಟೀಚರ್ ಆಗಲು ಯಾರೂ ಸಿಗದೆ ಕೊನೆಗೆ ಮೇಡಮ್ಮೇ ಆದರು. ಹೀಗೆ ಎರಡು ತಿಂಗಳು, ವಾರಕ್ಕೆ ಮೂರು ದಿನ, ನಾವು ಮೂವರೂ ಏನೂ ಬಾರದವರಂತೆ ನಟಿಸುತ್ತ ಕಲಿತೆವು. ನಟನೆ ಅಷ್ಟೇನೂ ಕಷ್ಟವಾಗಲಿಲ್ಲ.

ನನ್ನ ಎರಡನೆಯ ಸೆಮಿನಾರಿಗೆ ಎರಡು ವಾರವಿದ್ದಾಗ ಮೇಡಂ ಒಂದು ರಿಜಿಸ್ಟರ್ ತಂದು ಮೇಜಿನ ಮೇಲಿಟ್ಟರು. ‘ಫಲಾನುಭವಿಯ ಹೆಸರು’, ‘ಸಮಸ್ಯೆ’, ‘ಸಹಿ’ ಎಂಬ ಮೂರು ಕಾಲಂಗಳು, ಮೂರೂ ಖಾಲಿ. “ನಾಳೆ ಸಮಿತಿ ಬರ್ತಿದೆ. ಒಂದು ಹೆಸರೂ ಇಲ್ಲ ಅಂದ್ರೆ ಈ ರೂಮು ಸ್ಪೋರ್ಟ್ಸ್‌ನವರಿಗೆ ಹೋಗತ್ತೆ. ಆಗ್ಲೇ ಟೇಪ್ ತಂದು ಅಳತೆ ತಗೊಂಡು ಹೋಗಿದಾರೆ.”



“ಅಕ್ಕಾ, ನಿಮ್ದು ಬರೀಲಾ?” ಎಂದು ಶಿವಾಜಿನಗರದವಳು ನನ್ನ ಕಿವಿಯಲ್ಲಿ ಕೇಳಿದಳು.

“ನಿಂದೇ ಬರ್ಕೋ.”

“ಕೈಕು? ನಾನು ಯಾಕೆ? ನಾನು ವಾಲಂಟಿಯರ್!”

“ನಾನಂತೂ ಸೇವಾ ಮಾಡಾಕ ಬಂದೀನ್ರಿ,” ಎಂದು ರಾಯಚೂರಿನವನು ಎದ್ದು ಕಿಟಕಿಯಾಚೆ ನೋಡತೊಡಗಿದ.

ಕೋಣೆ ಹೋದರೆ ಉಳಿದ ಎರಡು ವಾರ ನಾನು ಕನ್ನಡಿಯ ಮುಂದೆ ಮಾತಾಡಬೇಕಿತ್ತು. ಕನ್ನಡಿ ತಪ್ಪು ತಿದ್ದುವುದಿಲ್ಲ. ಮೇಡಂ ಫೋನು ಬಂದು ಹೊರಗೆ ಹೋದಾಗ ಪೆನ್ನು ತೆಗೆದು ನನ್ನ ಹೆಸರು ಬರೆದೆ. ಸಮಸ್ಯೆಯ ಕಾಲಮ್ಮಿನಲ್ಲಿ ‘ಬಾಯಿ ಬಿಡುವುದು’ ಎಂದು ಬರೆದು ಸಹಿ ಹಾಕಿದೆ. ಉಳಿದಿಬ್ಬರೂ ಬಗ್ಗಿ ಓದಿದರು. ಯಾರೂ ನಗಲಿಲ್ಲ.

ಮಾರನೆಯ ದಿನ ಬಂದ ಸಮಿತಿಯ ಅಧ್ಯಕ್ಷರು ರಿಜಿಸ್ಟರಿನ ಒಂಟಿ ಹೆಸರನ್ನು ಓದಿ, ಫಲಾನುಭವಿ ಎರಡು ನಿಮಿಷ ಮಾತಾಡಲಿ ಎಂದರು. ಇಂಗ್ಲಿಷಿನಲ್ಲಿ. ಎದ್ದು ನಿಂತೆ. ಬೇರೇನೂ ತೋಚದೆ ಇದ್ದದ್ದನ್ನೇ ಹೇಳಿದೆ: ಬಾಗಿಲಿನ ಫಲಕ, ಕ್ಯಾಂಟೀನಿನ ಕಣ್ಣುಗಳು, ಗುರುತುಚೀಟಿಯ ಉಪಾಯ, ನಾವೇ ತಿಂದ ಬನ್ನು. ಸಮಿತಿಯವರು ನಕ್ಕರು. ಎರಡು ನಿಮಿಷ ಐದಾಯಿತು.

ಅಧ್ಯಕ್ಷರು ಕನ್ನಡಕ ತೆಗೆದರು. “ಇಷ್ಟು ಚೆನ್ನಾಗಿ ಮಾತಾಡ್ತೀರಲ್ಲಮ್ಮ, ನಿಮಗ್ಯಾಕೆ ನೆರವು? ಈ ರೂಮು ಯಾಕೆ ಬೇಕು?”

ಮೇಡಂ ಮುಖ ಬಿಳಿಚಿತು. ನಾನು ಚೆನ್ನಾಗಿ ಮಾತಾಡಿ ಕೋಣೆ ಕಳೆದಿದ್ದೆ. ಆಗ ಹಿಂದಿನ ಕುರ್ಚಿ ಕಿರುಗುಟ್ಟಿತು. ರಾಯಚೂರಿನವನು ಎದ್ದಿದ್ದ.

“ಸರ್! ಶೀ ಫಿನಿಶ್. ವೀ ಪೆಂಡಿಂಗ್!”

ಅಷ್ಟು ಹೇಳಿ, ನೇರವಾಗಿ ಮೇಜಿಗೆ ಬಂದು ರಿಜಿಸ್ಟರನ್ನು ಅಧ್ಯಕ್ಷರ ಕೈಯಿಂದಲೇ ತೆಗೆದುಕೊಂಡು ಸಹಿ ಹಾಕಿದ. ಶಿವಾಜಿನಗರದವಳು “ಪೆನ್ನು ಇಲ್ಲಿ ಕೊಡ್ರಿ ಅಣ್ಣಾ” ಎಂದು ಅವನ ಹಿಂದೆಯೇ ಬಂದಳು. ಏನು ಪೆಂಡಿಂಗ್ ಎಂದು ಅಧ್ಯಕ್ಷರು ಕೇಳಿದ್ದೇ ತಪ್ಪಾಯಿತು. ಅವನು ಅದೇ ಇಂಗ್ಲಿಷಿನಲ್ಲಿ ಕಾಲು ಗಂಟೆ ವಿವರಿಸಿದ. ಊಟದ ಹೊತ್ತು ಮೀರುತ್ತಿತ್ತು. ಕೋಣೆ ಇನ್ನೊಂದು ವರ್ಷ ಇರಲಿ ಎಂದು ಸಮಿತಿ ನಿಂತುಕೊಂಡೇ ಬರೆದುಕೊಟ್ಟಿತು.

ಎರಡು ವಾರದ ನಂತರದ ಸೆಮಿನಾರಿನಲ್ಲಿ ನಾನು ಹದಿನೇಳು ನಿಮಿಷ ಮಾತಾಡಿದೆ, ಪಾಸಾದೆ. ಹೇಳದೆ ಕೇಳದೆ ಅವರಿಬ್ಬರೂ ಬಂದು ಕೊನೆಯ ಬೆಂಚಿನಲ್ಲಿ ಕುಳಿತಿದ್ದರು. ಹಣದುಬ್ಬರದ ಬಗ್ಗೆ ನಾನು ಹೇಳಿದ ಪ್ರತಿಯೊಂದು ವಾಕ್ಯಕ್ಕೂ, ತಪ್ಪು ಹೇಳಿ ತಿದ್ದಿಕೊಂಡ ಎರಡಕ್ಕೂ, ರಸಾಯನಶಾಸ್ತ್ರದ ಹುಡುಗಿ ಗಂಭೀರವಾಗಿ ತಲೆದೂಗುತ್ತಿದ್ದಳು.