ಚಿಗವ್ವನ ಕೊರಳಿನ ಶಿವದಾರ

ಒಂದೇ ದಿನದಲ್ಲಿ ಏಳು ಸಲ ಪೂಜೆ ಮಾಡಿ, ಒಂದು ಸಲವೂ ಊಟ ಮಾಡದೆ ಉಳಿದವರನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ನಮ್ಮ ಮನೆಯಲ್ಲೇ.

ಅದು ವ್ರತವಲ್ಲ, ಹರಕೆಯೂ ಅಲ್ಲ. ನಮ್ಮ ಚಿಗವ್ವನ ಕಾಯಿಲೆ.

ಚಿಗವ್ವ ಎಂದರೆ ನನ್ನ ತಾಯಿಯ ತಂಗಿ. ಈ ಅಂಕಣವನ್ನು ಬಿಡದೆ ಓದುವವರಿಗೆ ಅವಳ ಗುರುತಿದೆ. ಶೇಂಗಾ ಹೋಳಿಗೆಯ ಬಗ್ಗೆ ಬರೆದಾಗ, ಬನಹಟ್ಟಿಯ ಮಗ್ಗದ ಸದ್ದಿನ ಬಗ್ಗೆ ಬರೆದಾಗ ಬಂದು ಹೋಗಿದ್ದಾಳೆ. (ಹೋಳಿಗೆಯ ಬರಹ ಓದಿ ನಾಲ್ಕು ಜನ ಮನೆಗೇ ಬಂದಿದ್ದರು. ನಾಲ್ವರಿಗೂ ತುಪ್ಪ ಹಾಕಿ ಬಡಿಸಿದ ಚಿಗವ್ವ, ಅವರು ಹೋದ ಮೇಲೆ ಬರೆದವಳನ್ನು ಚೆನ್ನಾಗಿ ಬೈದಳು.) ನನ್ನವ್ವ ತೀರಿಕೊಂಡಾಗ ನನಗೆ ನಾಲ್ಕು ವರ್ಷ. ಚಿಗವ್ವ ಗಂಡನನ್ನು ಕಳೆದುಕೊಂಡು ತವರಿಗೆ ಮರಳಿ ಆಗಿನ್ನೂ ವರ್ಷವಾಗಿತ್ತು. ಅವಳಿಗೆ ಮಕ್ಕಳಿಲ್ಲ, ನನಗೆ ತಾಯಿಯಿಲ್ಲ. ಅಲ್ಲಿಂದ ಈಚೆಗೆ ನಾವಿಬ್ಬರೂ ಒಂದೇ ಮನೆಯಲ್ಲಿದ್ದೆವು. ನನ್ನ ಮದುವೆಯಾದ ಮೇಲೆ ನನ್ನ ಹಿಂದೆಯೇ ಬನಹಟ್ಟಿಗೆ ಬಂದಳು.

ಮನೆಯಲ್ಲಿ ಅವಳದೊಂದೇ ಕಾಯಿದೆ. ಲಿಂಗಪೂಜೆ ಆಗದೆ ಬಾಯಿಗೆ ಹನಿ ನೀರು ಹೋಗಕೂಡದು. ಸ್ನಾನ, ಹಣೆಗೆ ವಿಭೂತಿ, ಕೊರಳಿನ ಶಿವದಾರದಲ್ಲಿ ತೂಗುವ ಬೆಳ್ಳಿಯ ಕರಡಿಗೆಯಿಂದ ಲಿಂಗ ತೆಗೆದು ಎಡ ಅಂಗೈ ಮೇಲೆ, ಅದಕ್ಕೊಂದು ಪತ್ರಿ. ಆಮೇಲೆ ಚಹಾ. ಶಾಲೆಗೆ ಹೊತ್ತಾದರೂ ನನ್ನನ್ನು ಬಿಡುತ್ತಿರಲಿಲ್ಲ. ಕಾಲೇಜಿಗೆ ಹೋಗುವಾಗ ನಾನು ಬಾಗಿಲು ಹಾಕಿಕೊಂಡು ಎರಡು ನಿಮಿಷ ಸುಮ್ಮನೆ ಕೂತು ಎದ್ದು ಬರುತ್ತಿದ್ದೆ. ಅವಳಿಗೆ ಗೊತ್ತಿತ್ತು ಅನಿಸುತ್ತದೆ.

ಮೂರು ವರ್ಷದ ಹಿಂದೆ ಮರೆವು ಶುರುವಾಯಿತು. ಮೊದಲು ಸಾರಿನ ಉಪ್ಪು. ಆಮೇಲೆ ಮಂದಿಯ ಹೆಸರು. ಆಮೇಲೆ ಬಚ್ಚಲು ಎಲ್ಲಿದೆ ಎಂಬುದು. ಕಡೆಗೆ ನಾನು ಯಾರು ಎಂಬುದೂ ಹೋಯಿತು. ಉಳಿದದ್ದು ಆ ಕಾಯಿದೆ ಒಂದೇ. ಪೂಜೆ ಮಾಡಬೇಕು ಎಂಬುದು ನೆನಪಿದೆ, ಮಾಡಿದ್ದು ನೆನಪಿಲ್ಲ. ಇಷ್ಟೇ ನೋಡಿ ಕಾಯಿಲೆ. ರೊಟ್ಟಿಯ ತಾಟು ತಂದಿಟ್ಟು ಪಲ್ಯ ತರಲು ಒಳಗೆ ಹೋಗಿ ಬರುವುದರೊಳಗೆ ತಾಟು ಆಚೆ ಸರಿಸಿರುತ್ತಿದ್ದಳು.

"ಪೂಜಾ ಆಗಿಲ್ಲ ನಮ್ಮವ್ವ. ಹ್ಯಾಂಗ ಉಣ್ಣಲಿ?"

ಮತ್ತೆ ಸ್ನಾನ, ಮತ್ತೆ ವಿಭೂತಿ, ಮತ್ತೆ ತಾಟು. ಮತ್ತೆ ಅದೇ ಮಾತು. ಒಮ್ಮೆ ಕನ್ನಡಿ ತಂದು ಅವಳ ಹಣೆ ಅವಳಿಗೇ ತೋರಿಸಿದೆ. ವಿಭೂತಿ ಇನ್ನೂ ಹಸಿಯಿತ್ತು. ಚೆನ್ನಾಗಿ ನೋಡಿ, ಅದು ನಿನ್ನೆಯದು ಅಂದಳು. ಬಚ್ಚಲಿಗೆ ಕೀಲಿ ಹಾಕಿದೆ. ಅಡುಗೆಮನೆಯಲ್ಲಿ ಕುಡಿಯುವ ನೀರಿನ ಕೊಡ ಎತ್ತಿ ತಲೆಯ ಮೇಲೆ ಸುರಿದುಕೊಂಡಳು. ಪಂಡಿತಳಂತೆ ಜಮಖಂಡಿಯ ಕಾಲೇಜಿನಲ್ಲಿ ಪಾಠ ಹೇಳುವ ನನಗೆ, ಒಂದು ತುತ್ತು ಅನ್ನ ಅವಳ ಬಾಯಿಗೆ ಹಾಕಲು ಬುದ್ಧಿ ಸಾಲಲಿಲ್ಲ.

ನಮ್ಮ ಸೀಮೆಯವರಿಗೆ ಏನಾದರೂ ದೊಡ್ಡ ಕಾಯಿಲೆ ಬಂದರೆ ಮಿರಜ್ ಆಸ್ಪತ್ರೆಯೇ. ನಾವೂ ಹೋದೆವು. ಡಾಕ್ಟರರು ಕಾಯಿಲೆಯ ಹೆಸರು ಹೇಳಿ, ಅವಳನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿದರು. ಮರೆವಿಗಿಂತ ಮೊದಲು ಇವರನ್ನು ಹಸಿವೇ ಒಯ್ಯುತ್ತದೆ ಅಂದರು. ಹಗಲು ರಾತ್ರಿ ನೋಡಿಕೊಳ್ಳುವ ಮಂದಿ ಇರುವ ಕಡೆ ಇಡಿ, ಮನೆಯಲ್ಲಿ ಆಗುವ ಮಾತಲ್ಲ ಎಂದರು. ನಾನು ತಲೆಯಾಡಿಸಿ ಬಂದೆ. ಇಡುವ ಮನಸ್ಸಿರಲಿಲ್ಲ.

ಮನಸ್ಸು ಮಾಡಿಸಿದ್ದು ಹಿಪ್ಪರಗಿ ರಸ್ತೆ. ನಾನು ಕಾಲೇಜಿನಲ್ಲಿ, ಯಜಮಾನರು ಸಕ್ಕರೆ ಕಾರ್ಖಾನೆಯ ಶಿಫ್ಟಿನಲ್ಲಿ. ಹಗಲು ನೋಡಿಕೊಳ್ಳಲು ಇಟ್ಟಿದ್ದ ಹೆಂಗಸು ಹಿತ್ತಲಿಗೆ ಹೋಗಿದ್ದಾಳೆ. ಅಷ್ಟರಲ್ಲಿ ಚಿಗವ್ವ ಹೊಳೆಯಲ್ಲಿ ಸ್ನಾನ ಮಾಡಲು ಹೊರಟುಬಿಟ್ಟಿದ್ದಾಳೆ. ಕಬ್ಬಿನ ಟ್ರ್ಯಾಕ್ಟರುಗಳ ನಡುವೆ, ಒದ್ದೆ ಸೀರೆಯಲ್ಲಿ. ಒಬ್ಬ ಪುಣ್ಯಾತ್ಮ ಡ್ರೈವರ್ ಗಾಡಿ ನಿಲ್ಲಿಸಿ, ಪಕ್ಕದಲ್ಲಿ ಕೂರಿಸಿಕೊಂಡು, ಊರೊಳಗೆ ಕೇಳುತ್ತ ಕೇಳುತ್ತ ಮನೆ ಮುಟ್ಟಿಸಿದ. ಅವತ್ತು ನಾನು ಸೋತೆ.

ಹುಡುಕಲು ಶುರು ಮಾಡಿದೆವು. ನಮ್ಮ ಕಡೆ ಏನಿಲ್ಲ ಹೇಳಿ? ಕಾರ್ಖಾನೆಗಳಿವೆ, ಬ್ಯಾರೇಜ್ ಇದೆ, ತಿಮ್ಮಾಪುರದಲ್ಲಿ ಮುಧೋಳ ನಾಯಿಗೂ ಒಂದು ಕೇಂದ್ರವಿದೆ. (ನಾಯಿಯ ಮೇಲೆ ನನಗೆ ಸಿಟ್ಟಿಲ್ಲ. ಹೊಟ್ಟೆಕಿಚ್ಚು ಅಷ್ಟೇ.) ನೆನಪು ಕಳೆದುಕೊಂಡ ಮನುಷ್ಯರಿಗೆ ಜಮಖಂಡಿಯಿಂದ ಬೀಳಗಿಯವರೆಗೆ ಕೇಳಿದರೂ ಒಂದು ಕೋಣೆ ಸಿಗಲಿಲ್ಲ. ಲೋಕಾಪುರದ ದಾರಿಯಲ್ಲಿ ಒಂದು ವೃದ್ಧಾಶ್ರಮ ಇತ್ತು. ಒಳ್ಳೆಯ ಜನ. ಪ್ರಸಾದ ಎಂದು ಊಟ ಮಾಡಿಸಿ, ಕೈಮುಗಿದು, ತಮ್ಮಲ್ಲಿ ನೆನಪಿದ್ದವರಿಗೆ ಮಾತ್ರ ಜಾಗ ಎಂದು ಹೇಳಿ ಕಳಿಸಿದರು.

ಇನ್ನೊಂದು ಊರಿನಲ್ಲಿ ಬಾಗಿಲಿಗೆ ಹೊರಗಿನಿಂದ ಚಿಲಕ. ಒಳಗೆ ಉಚ್ಚೆಯ ವಾಸನೆ. ನಾನು ಅಲ್ಲಿಯವನಿಗೆ ಕೇಳಿದ ಮೊದಲ ಪ್ರಶ್ನೆಯೇ ಲಿಂಗಪೂಜೆಯದು. ಅದಕ್ಕೇನೂ ಅಡ್ಡಿಯಿಲ್ಲ ಎಂದು ಅವನು ಒಂದು ಮಂಚ ತೋರಿಸಿದ. ಚಿಗವ್ವನ ವಯಸ್ಸಿನ ಒಬ್ಬ ಅಜ್ಜಿ. ಕೊರಳಲ್ಲಿ ಲಿಂಗವಿತ್ತು. ಎರಡೂ ಕೈಗಳನ್ನು ಹಳೆ ಸೀರೆಯ ಚೂರಿನಿಂದ ಮಂಚಕ್ಕೆ ಕಟ್ಟಿದ್ದರು. ನಾನು ಮುಂದೇನೂ ಕೇಳದೆ ಹೊರಗೆ ಬಂದೆ.

ಕಡೆಗೆ ಬೆಳಗಾವಿ. ಸ್ವಚ್ಛ ನೆಲ, ಗಾಳಿ ಬೆಳಕು, ನರ್ಸುಗಳು. ಯಾರನ್ನೂ ಕಟ್ಟಿರಲಿಲ್ಲ. ಒಬ್ಬ ಆಯಾ ಒಬ್ಬ ಮುದುಕಪ್ಪನ ಬಾಯಿ ಒರೆಸುತ್ತ ಅವನ ಜೊತೆ ನಗುತ್ತಿದ್ದಳು. ಆ ನಗು ನೋಡಿಯೇ ನಾನು ಇದೇ ಮನೆ ಎಂದು ತೀರ್ಮಾನಿಸಿದೆ. ಆಮೇಲೆ ಅಲ್ಲಿಯ ಮೇಲ್ವಿಚಾರಕಿ, ಮ್ಯಾನೇಜರ್ ಬಾಯಿ, ನಿಯಮ ಹೇಳಿದರು. ಕೊರಳಲ್ಲಿ ದಾರ, ಸರ, ಏನೂ ಇರುವಂತಿಲ್ಲ. ಹಿಂದೊಮ್ಮೆ ಒಬ್ಬರ ದಾರ ಮಂಚದ ಕಂಬಿಗೆ ಸಿಕ್ಕು ಉಸಿರೇ ನಿಲ್ಲುವುದಿತ್ತಂತೆ.

ನಾನು ವಾದಕ್ಕೆ ನಿಂತೆ. ಇದು ಸರವಲ್ಲ, ಆಭರಣವಲ್ಲ, ಇದು ಅವಳ ಪ್ರಾಣ ಅಂದೆ. ಧರ್ಮ ಹೇಳಿದೆ, ಆಚಾರ ಹೇಳಿದೆ, ನಿಮಗೆ ಗೊತ್ತಾಗುವುದಿಲ್ಲ ಎಂದೂ ಅಂದುಬಿಟ್ಟೆ. ಅರ್ಧ ತಾಸಿನ ಲೆಕ್ಚರ್. ಆಕೆ ಪೂರ್ತಿ ಕೇಳಿಸಿಕೊಂಡರು.

"ನಾನೂ ಲಿಂಗವಂತರ ಮನೀಕೀನ ಅದೀನ್ರಿ ಮೇಡಂ. ಒಂದ ಮಾತ ಕೇಳತೀನಿ, ಸಿಟ್ಟಾಗಬ್ಯಾಡ್ರಿ. ನಿಮ್ಮ ಕೊರಳಾಗ ಐತೇನ್ರಿ?"

ನನ್ನ ಕೈ ತಾನಾಗಿ ಕೊರಳಿಗೆ ಹೋಯಿತು. ತಾಳಿ ಸಿಕ್ಕಿತು. ನನ್ನ ಲಿಂಗ ಇಪ್ಪತ್ತು ವರ್ಷದಿಂದ ಟ್ರೆಜರಿ ಕಪಾಟಿನಲ್ಲಿ, ಮದುವೆ ಸೀರೆಯ ಕೆಳಗಿದೆ. ಯಜಮಾನರು ಅಲ್ಲಿದ್ದ ಮೀನಿನ ತೊಟ್ಟಿಯನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು.

ದಿನಕ್ಕೊಮ್ಮೆ ಪೂಜೆಗೆ ಕೊಟ್ಟು, ಮುಗಿದ ಮೇಲೆ ಇಸಿದುಕೊಂಡು ಎತ್ತಿಡಬಹುದಲ್ಲ ಎಂದು ದನಿ ಇಳಿಸಿ ಕೇಳಿದೆ. ಆಕೆ ತಿರಸ್ಕಾರದಿಂದ ಹೇಳಲಿಲ್ಲ, ಅದನ್ನು ನಾನು ಒಪ್ಪಲೇಬೇಕು.

"ಕೊಡೂದು ಸಸಾರ ಐತ್ರಿ. ತಿರುಗಿ ಇಸ್ಕೊಳ್ಳಾವ್ರು ಯಾರು? ದಿನಾ ಕಸಗೊಂಡಂಗ ಆಕ್ಕೈತಿ. ತಗಿಯೂದಾದ್ರ ಒಮ್ಮೆ ತಗೀರಿ. ನೀವ ತಗೀರಿ, ನಾವು ಮುಟ್ಟೂದಿಲ್ಲ."

ಬೀಳಗಿಯಲ್ಲಿರುವ ಸೋದರಮಾವನಿಗೆ ಫೋನ್ ಮಾಡಿದೆ. ಚಿಗವ್ವನ ಒಡಹುಟ್ಟಿದ ಅಣ್ಣ. ಸತ್ತ ಮೇಲೂ ನಾವು ಲಿಂಗ ತೆಗೆಯುವುದಿಲ್ಲ, ಅಂಗೈಯಲ್ಲಿಟ್ಟೇ ಮಣ್ಣು ಮಾಡುತ್ತೇವೆ, ಜೀವಂತ ಇದ್ದವಳದ್ದು ನೀನು ತೆಗೆಯುತ್ತೀಯಾ ಎಂದು ಕೇಳಿದರು. ಅವರು ಹೇಳಿದ್ದರಲ್ಲಿ ತಪ್ಪೇನಿಲ್ಲ. (ಅವರ ಮನೆಯಲ್ಲಿ ಮೂರು ಕೋಣೆ ಖಾಲಿ ಇವೆ. ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.)

ಹಾಗಾದರೆ ಯಾವ ಮನೆ? ಲಿಂಗ ಬಿಟ್ಟು ಕೈ ಕಟ್ಟುವ ಮನೆಯೋ, ಕೈ ಬಿಟ್ಟು ಲಿಂಗ ತೆಗೆಸುವ ಮನೆಯೋ? ಅಥವಾ ಏಳು ಸಲ ಪೂಜೆ ಮಾಡಿಸಿ ಹಸಿವಿನಿಂದ ಕೊಲ್ಲುವ ನಮ್ಮದೇ ಮನೆಯೋ? ನೀವಾದರೆ ಯಾವುದನ್ನು ಆರಿಸುತ್ತಿದ್ದಿರಿ? ಚಿಗವ್ವನನ್ನು ಆಶ್ರಮಕ್ಕೆ ಹಾಕಿದರಂತೆ ಎಂದು ಓಣಿಯಲ್ಲಿ ಆಡಿಕೊಂಡವರಿಗೂ ನನ್ನದು ಇದೇ ಪ್ರಶ್ನೆ. ಉತ್ತರ ಗೊತ್ತಿದ್ದವರು ದಯವಿಟ್ಟು ಬರೆಯಿರಿ. ತಡವಾಗಿದೆ, ಆದರೂ ಬರೆಯಿರಿ.

ನಾನು ಬೆಳಗಾವಿಯನ್ನು ಆರಿಸಿದೆ.

ಹೋಗುವ ದಿನ ನಾನೇ ಎರೆದು, ಇಳಕಲ್ ಸೀರೆ ಉಡಿಸಿದೆ. ಹೊರಡುವ ಮೊದಲು ಎರಡು ಸಲ ಪೂಜೆ ಮಾಡಿದಳು. ಕಾರಿನಲ್ಲಿ ಕಿಟಕಿಯ ಆಚೆಗಿನ ಕಬ್ಬು ನೋಡುತ್ತ ಕೂತಿದ್ದಳು. ಅವಳ ಹೊಸ ಮಂಚದ ಮೇಲೆ ಅವಳನ್ನು ಕೂರಿಸಿ, ಮ್ಯಾನೇಜರ್ ಬಾಯಿ ಹೊರಗೆ ಹೋಗಿ ಬಾಗಿಲು ಎಳೆದುಕೊಂಡರು. ನನ್ನ ನಾಲಿಗೆ ತೊದಲಲಿಲ್ಲ. ಶಿವದಾರ ಸವೆದಿದೆ ಚಿಗವ್ವ, ಬದಲಿಸಿಕೊಂಡು ಬರುತ್ತೇನೆ ಕೊಡು ಎಂದೆ.

ಅವಳು ದಾರವನ್ನು ಬೆರಳಲ್ಲಿ ಹಿಡಿದು ನೋಡಿದಳು. ದಾರ ಗಟ್ಟಿಯಾಗೇ ಇತ್ತು. ಆಮೇಲೆ ತಾನಾಗಿಯೇ ತಲೆ ಬಗ್ಗಿಸಿದಳು. ನಾನು ಯಾರೆಂದು ಗೊತ್ತಿಲ್ಲದವಳು, ನನ್ನ ಮಾತು ನಂಬಿ ತಲೆ ಬಗ್ಗಿಸಿದಳು. ನಾನು ತೆಗೆದುಕೊಂಡೆ.

"ಲಗೂನ ತಾ. ಅಲ್ಲೀತನಕಾ ನಾ ಉಣ್ಣೂದಿಲ್ಲ."

ಹತ್ತು ನಿಮಿಷದ ಹಿಂದಿನದು ನೆನಪಿರದ ಹೆಂಗಸು. ಇನ್ನು ಹತ್ತು ನಿಮಿಷಕ್ಕೆ ಇದನ್ನೂ ಮರೆಯುತ್ತಾಳೆ ಎಂದು ನನಗೆ ನಾನೇ ಹೇಳಿಕೊಂಡು ಕಾರು ಹತ್ತಿದೆ. ಅದನ್ನೇ ನಂಬಿ ನಾನು ಸುಳ್ಳು ಹೇಳಿದ್ದೆ.

ಮರೆಯಲಿಲ್ಲ. ಸಂಜೆ ಫೋನ್ ಬಂತು. ನೀರೂ ಮುಟ್ಟಿಲ್ಲವಂತೆ. ಮಗಳು ದಾರ ತರಲು ಹೋಗಿದ್ದಾಳೆ, ಬರಲಿ ಎಂದು ಬಾಗಿಲ ಕಡೆ ಮುಖ ಮಾಡಿ ಕೂತಿದ್ದಾಳಂತೆ. ವರ್ಷವಾಯಿತು ನನ್ನ ಗುರುತು ಹೋಗಿ. ಅವಳ ಬಾಯಲ್ಲಿ ಮಗಳು ಎಂಬ ಮಾತು ಬಂದದ್ದು ಅವತ್ತು, ನಾನಿಲ್ಲದಾಗ.

ಎರಡನೆಯ ದಿನವೂ ಅದೇ. ನಾನು ಬರುತ್ತೇನೆ ಅಂದೆ. ಬೇಡ ಅಂದರು. ಬಂದರೆ ಲಿಂಗ ಕೊಡಬೇಕಾಗುತ್ತದೆ, ಕೊಟ್ಟರೆ ಮತ್ತೆ ತೆಗೆಯಬೇಕಾಗುತ್ತದೆ. ಒಂದು ದಿನ ತಡೆದಿದ್ದೀರಿ, ಇನ್ನೊಂದು ದಿನ ತಡೆಯಿರಿ ಎಂದರು. ಮೂರನೆಯ ದಿನ ಸಲೈನ್ ಹಚ್ಚಿದರು. ಅವಳು ಅದನ್ನೂ ಕಿತ್ತುಕೊಂಡಳು.

ಆ ದಿನ ಕಾಲೇಜಿಗೆ ರಜೆ ಹಾಕಿದೆ. ಸ್ನಾನ ಮಾಡಿದೆ. ವಿಭೂತಿ ಹಚ್ಚಿಕೊಂಡೆ. ಚಿಗವ್ವನ ಲಿಂಗವನ್ನು ನನ್ನ ಎಡ ಅಂಗೈ ಮೇಲೆ ಇಟ್ಟುಕೊಂಡು ಕೂತೆ. ಪೂಜೆಯ ಕ್ರಮ ಅರ್ಧ ಮರೆತಿದ್ದೆ. ಗೊತ್ತಿದ್ದಷ್ಟು ಮಾಡಿ, ಬೇಡಿಕೊಂಡೆ. ಅವಳು ಮರೆಯಲಿ ತಂದೆ ಅಂದೆ. ಈ ದಾರ ಮರೆಯಲಿ. ಅದನ್ನು ತರಲು ಹೋದ ಮಗಳನ್ನು ಮರೆಯಲಿ. ಬೇಕಾದರೆ ನಿನ್ನನ್ನೂ ಮರೆಯಲಿ, ಒಂದು ತುತ್ತು ಉಣ್ಣಲಿ.

ನಾಲ್ಕನೆಯ ದಿನ ಬೆಳಿಗ್ಗೆ ಎಂಟಕ್ಕೆ ಮ್ಯಾನೇಜರ್ ಬಾಯಿಯ ಫೋನ್. ದನಿಯಲ್ಲಿ ಸಂತೋಷವಿತ್ತು. ಚಿಗವ್ವ ಎರಡು ಇಡ್ಲಿ ತಿಂದಳಂತೆ. ಇನ್ನೂ ಸ್ನಾನವೂ ಆಗಿರಲಿಲ್ಲವಂತೆ. ದಾರ ಕೇಳಲಿಲ್ಲ, ಲಿಂಗ ಕೇಳಲಿಲ್ಲ, ಬಾಗಿಲ ಕಡೆ ನೋಡಲಿಲ್ಲ. ಯಜಮಾನರು ಅಲ್ಲೇ ನಿಂತು ಕೈಮುಗಿದರು. ನಾನು ಅಡುಗೆಮನೆಗೆ ಹೋಗಿ, ಬಾಯಿಗೆ ಸೆರಗು ತುರುಕಿಕೊಂಡು ಅತ್ತೆ.

ಮೂರು ವರ್ಷ ಅವಳಿಗೆ ನೆನಪು ಕೊಡು ಎಂದು ದೇವರನ್ನು ಬೇಡಿದೆ. ಒಂದು ದಿನ ಮರೆಸು ಎಂದು ಬೇಡಿದೆ. ಎರಡರಲ್ಲಿ ಇದೊಂದನ್ನೇ ಅವನು ಯಾಕೆ ಕೇಳಿಸಿಕೊಂಡ?